ದುಂಡಪ್ಪ ನಿಲ್ಲಿಸಿದ ಗಾಡಿ

ಹೊಳೆದಂಡೆಯ ಮಠಕ್ಕೆ ಶಿಷ್ಯರಾಗಲು ಬರುವವರು ಬಟ್ಟೆಯ ಗಂಟು ತರುತ್ತಾರೆ. ಹೆಚ್ಚೆಂದರೆ ಒಂದು ಚೊಂಬು ತರುತ್ತಾರೆ. ಅಡಿವೆಪ್ಪ ಮಾತ್ರ ಕಂಪ್ಯೂಟರ್ ಹೊತ್ತುಕೊಂಡು ಬಂದ.

ಮಠದ ಹಿರಿಯ ಮಹಾಂತಜ್ಜ ಅದನ್ನು ನೋಡಿ ನಕ್ಕರು. ಬೇಡ ಎನ್ನಲಿಲ್ಲ. ಹಿಂದಿನ ಕೋಣೆಯಲ್ಲಿ ಹಲಗೆಯ ಮೇಜೊಂದು ಧೂಳು ತಿನ್ನುತ್ತ ಬಿದ್ದಿತ್ತು, ಅದರ ಮೇಲೆ ಇಟ್ಟುಕೋ ಎಂದರು.

ಕಂಪ್ಯೂಟರ್ ಅಡಿವೆಪ್ಪನದಲ್ಲ, ತೀರಿಹೋದ ಅವನ ಅಣ್ಣ ದುಂಡಪ್ಪನದು. ದುಂಡಪ್ಪ ಲಾರಿ ಡ್ರೈವರ್. ಹಗಲೆಲ್ಲ ಲಾರಿ ಓಡಿಸಿ ಮನೆಗೆ ಬಂದವನು, ಕಾಲು ತೊಳೆದು ಕೂತು ಮತ್ತೆ ಲಾರಿ ಓಡಿಸುವ ಆಟವನ್ನೇ ಆಡುತ್ತಿದ್ದ.

"ಏನ್ ದುಂಡಪ್ಪ, ಹಗಲೆಲ್ಲ ಓಡಿಸಿದ್ದು ಸಾಲಲಿಲ್ಲೇನು?" ಎಂದು ಓಣಿಯವರು ಕಾಡಿಸುತ್ತಿದ್ದರು.

"ಇದರಾಗ ಗಾಲಿ ಹುಗದ್ರ ಅಂಗಿ ಹೊಲಸಾಗಂಗಿಲ್ರೋ," ಎನ್ನುತ್ತಿದ್ದ ದುಂಡಪ್ಪ.

ಆ ಆಟದ ದೇಶವೆಲ್ಲ ಕಾಡು, ಮಳೆ, ಕೆಸರು. ಭಾರದ ಸರಕು ಹೇರಿದ ದೊಡ್ಡ ಗಾಡಿಯನ್ನು ಕೆಸರು ದಾಟಿಸಿ ಊರು ಮುಟ್ಟಿಸಬೇಕು, ಅಷ್ಟೇ ಆಟ. ಆದರೆ ಆ ಊರುಗಳಲ್ಲಿ ಮನೆಗಳಿವೆ, ಒಲೆಯ ಹೊಗೆಯಿಲ್ಲ. ದಾರಿಯಿದೆ, ನಡೆಯುವವರಿಲ್ಲ. ಗಾಡಿಯ ಸ್ಟೇರಿಂಗ್ ತಾನೇ ತಿರುಗುತ್ತದೆ, ಹಿಂದೆ ಯಾರೂ ಕೂತಿರುವುದಿಲ್ಲ.

ದುಂಡಪ್ಪ ಸತ್ತದ್ದು ದಾರಿಯಲ್ಲಿ, ನಿಜವಾದ ಲಾರಿಯಲ್ಲಿ. ಎದೆ ಹಿಡಿದುಕೊಂಡಾಗ ಗಾಡಿಯನ್ನು ಪಕ್ಕಕ್ಕೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಆಮೇಲೆ ಸ್ಟೇರಿಂಗ್ ಮೇಲೆ ತಲೆಯಿಟ್ಟಿದ್ದ. ಅವನ ಕ್ಲೀನರ್ ಆಗಿದ್ದ ಅಡಿವೆಪ್ಪ ಆ ದಿನ ಜ್ವರ ಬಂದು ಮನೆಯಲ್ಲೇ ಮಲಗಿದ್ದ.

ಮಣ್ಣು ಮಾಡಿ ಬಂದ ಮೇಲೆ ಅಡಿವೆಪ್ಪ ಕಂಪ್ಯೂಟರ್ ಹಚ್ಚಿ ನೋಡಿದ. ಅಣ್ಣ ಕೊನೆಗೆ ಆಡಿ ಬಿಟ್ಟುಹೋದ ಗಾಡಿ ಹಾಗೆಯೇ ಇತ್ತು. ಬೆನ್ನ ಮೇಲೆ ಕಬ್ಬಿಣದ ಕೊಳವೆಗಳ ಹೇರು. ಅರ್ಧ ಗಾಲಿಯವರೆಗೆ ಕೆಸರು. ಲೈಟು ಉರಿಯುತ್ತಿತ್ತು.

ಅಂದಿನಿಂದ ಅವನಿಗೆ ಒಂದೇ ಧ್ಯಾನ. ಆ ಗಾಡಿಯನ್ನು ದಾಟಿಸಬೇಕು.

ಆಟದಲ್ಲಿ ಸುಲಭದ ದಾರಿಯೊಂದಿತ್ತು. ಒಂದು ಗುಂಡಿ ಒತ್ತಿದರೆ ಗಾಡಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಗ್ಯಾರೇಜಿಗೆ ಬಂದು ನಿಲ್ಲುತ್ತದೆ, ಸರಕು ಮಾತ್ರ ಕೆಸರಿನ ಪಾಲು. ಅಡಿವೆಪ್ಪ ಆ ಗುಂಡಿಯ ಸನಿಹಕ್ಕೂ ಬೆರಳು ಒಯ್ಯಲಿಲ್ಲ. ಅಣ್ಣ ಒಂದೇ ಒಂದು ಲೋಡನ್ನೂ ನಡುದಾರಿಯಲ್ಲಿ ಬಿಟ್ಟವನಲ್ಲ.

ಮಠಕ್ಕೆ ಬಂದ ಮೊದಲ ದಿನ ಅಜ್ಜ ಜಗಲಿಯಲ್ಲಿ ಕೂತಿದ್ದರು. ಕೋಣೆಯೊಳಗೆ ಎಂಜಿನ್ ಗುರುಗುಟ್ಟಿತು, ಏರಿತು, ನರಳಿತು. ಆಮೇಲೆ ಧಬ್ ಎಂದು ಒಂದು ಸದ್ದು. ಆಮೇಲೆ ಎಲ್ಲ ತಣ್ಣಗಾಯಿತು.

"ಏನಪಾ ಅದು ಸಪ್ಪಳ?"

"ಗಾಡಿ ಮತ್ತ ಸಿಕ್ಕೊಂಡ್ತ್ರಿ ಅಜ್ಜಾರ. ಸಿಟ್ಟು ಬಂತು, ಮೇಜು ಬಡದೆ."

"ಒಂದ ಸಲ?"

"ಒಂದ ಸಲರಿ."

ಅಜ್ಜ ಹ್ಞೂಂ ಎಂದು ಹೊಳೆಯ ಕಡೆ ಮುಖ ಮಾಡಿದರು.

ಮಳೆಗಾಲ ಬಲಿಯಿತು. ಅಡಿವೆಪ್ಪ ಕಸ ಗುಡಿಸುತ್ತಿದ್ದ, ನೀರು ತರುತ್ತಿದ್ದ, ಉಳಿದ ಹೊತ್ತೆಲ್ಲ ಮೇಜಿನ ಮುಂದೆ. ಗಾಡಿಯ ಮೂತಿಗಿದ್ದ ಹಗ್ಗವನ್ನು ಆಟದೊಳಗಿನ ಮರಗಳಿಗೆ ಬಿಗಿದು ಎಳೆದು ನೋಡಿದ. ಮರಗಳೇ ಬೇರುಸಹಿತ ಕಿತ್ತು ಬಂದವು. ಹಿಂದೆ ಸರಿದು ಮುಂದೆ ನುಗ್ಗಿ ನೋಡಿದ. ಗಾಡಿ ಸ್ವಲ್ಪ ಕದಲುತ್ತಿತ್ತು, ಮತ್ತೆ ಅದೇ ಜಾಗದಲ್ಲಿ ಕೂತುಬಿಡುತ್ತಿತ್ತು. ಅವನ ಕೈ ಮೇಜಿಗೆ ಧಬ್ ಎಂದು ಬೀಳುತ್ತಿತ್ತು.

ಅವನು ಬೆಳಗಾದರೆ ಅಣ್ಣ ಬಿಟ್ಟಲ್ಲಿಂದಲೇ ಆಟವನ್ನು ಹೊಸದಾಗಿ ಶುರು ಮಾಡುತ್ತಿದ್ದ. ಹಾಗೆ ಮಾಡಿದರೆ ಕೆಸರಿನಲ್ಲಿ ನಿನ್ನೆಯ ಗಾಲಿಯ ಗುರುತು ಉಳಿಯಬಾರದು.

ಉಳಿದಿರುತ್ತಿತ್ತು. ದಿನದಿನಕ್ಕೆ ಆಳವಾಗುತ್ತಿತ್ತು.

ಒಂದು ಮುಂಜಾನೆ ಅಡುಗೆಯ ನೀಲವ್ವ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಯಪ್ಪಾ, ಆ ನಿನ್ನ ಲಾರಿ ಬಂದ್ ಮಾಡೋ. ಅಂಬಲಿ ಕಾಸಾಕತ್ತೀನಿ, ಗೋಡಿ ಒಳಗೆಲ್ಲ ಗುರ್ ಅಂತೈತಿ."

"ಬಂದ್ ಐತಿ ಅವ್ವಾ."

ಬರೀ ಬಂದ್ ಅಲ್ಲ, ವೈರು ಕಿತ್ತು ಸುತ್ತಿ ಇಟ್ಟಿತ್ತು. ನೀಲವ್ವ ಆ ವೈರನ್ನು ನೋಡಿದಳು, ಅಡಿವೆಪ್ಪನನ್ನು ನೋಡಿದಳು, ಮತ್ತೆ ಆ ಕೋಣೆಯ ಕಡೆ ಕಾಲಿಡಲಿಲ್ಲ.

ಆ ದಿನ ಅಡಿವೆಪ್ಪ ಅಜ್ಜನ ಮುಂದೆ ಬಂದು ಕೂತ. ಅವನ ಕೆನ್ನೆ ಒಳಸೇರಿತ್ತು.

"ಅಜ್ಜಾರ, ನನಗೊಂದು ಮಂತ್ರ ಕೊಡ್ರಿ."

"ಯಾಕಪಾ?"

"ಆ ಗಾಡಿ ದಾಟಸಾಕ."

"ಗಾಡಿ ದಾಟಿದ್ರ ಏನಾಕ್ಕೈತಿ?"

"ನಮ್ಮಣ್ಣ ದಾಟತಾನ್ರಿ."

"ದಾಟಲಿಲ್ಲಂದ್ರ?"

"ಆಂವ ಅಲ್ಲೇ ಕುಂತಿರ್ತಾನ. ನಾ ಇಲ್ಲೇ ಕುಂತಿರ್ತೀನಿ. ಆಂವನ್ನ ಕೆಸರಾಗ ಬಿಟ್ಟು ನಾ ಹೆಂಗ ಉಣ್ಣಲ್ರಿ?"

ಅಜ್ಜ ಮಂತ್ರ ಕೊಡಲಿಲ್ಲ. ಅವನು ಮುಟ್ಟದೆ ಬಿಟ್ಟಿದ್ದ ಅಂಬಲಿಯ ಬಟ್ಟಲನ್ನು ಕೈಗೆತ್ತಿಕೊಂಡು, "ನಡಿ, ನೋಡೂಣು," ಎಂದು ಅವನ ಹಿಂದೆ ಕೋಣೆಗೆ ಬಂದರು.

ಹೊರಗೆ ನಡುಹಗಲಲ್ಲೇ ಮೋಡ ಕವಿದು ಮಬ್ಬಾಗಿತ್ತು. ಅಜ್ಜ ಬಟ್ಟಲನ್ನು ಮೇಜಿನ ಮೇಲಿಟ್ಟು ಪಕ್ಕದಲ್ಲಿ ಕೂತರು. ಅಡಿವೆಪ್ಪ ವೈರು ಸಿಕ್ಕಿಸಿ ಕಂಪ್ಯೂಟರ್ ಹಚ್ಚಿದ. ಪರದೆಯ ಮೇಲೆ ಮಳೆ ಸುರಿಯುತ್ತಿತ್ತು. ಗಾಡಿ ಅದೇ ಜಾಗದಲ್ಲಿ ನಿಂತಿತ್ತು.

"ಮುಂದಿನ ಕಾಜಿನ ಮ್ಯಾಲೆ ಏನದು, ಬೆಳ್ಳಗ?"

"ಮಂಜ್ರಿ. ಆಟದಾಗ ಮಳಿ ಬಂದ್ರ ಹಂಗ ತೋರಸ್ತೈತಿ."

"ನಡುವ ಅಂಗೈಯಷ್ಟು ಯಾರೋ ಒರಸ್ಯಾರಲ್ಲ."

ಅಡಿವೆಪ್ಪ ಬಗ್ಗಿ ನೋಡಿದ. ಕ್ಯಾಬಿನ್ನಿನಲ್ಲಿ ಬಟ್ಟೆ ಇದ್ದರೂ ದುಂಡಪ್ಪ ಗಾಜನ್ನು ಅಂಗೈಯಿಂದಲೇ ಒರೆಸುತ್ತಿದ್ದ. ಎಷ್ಟು ಬೈದರೂ ಆ ಚಾಳಿ ಬಿಟ್ಟಿರಲಿಲ್ಲ.

"ಒಳಗಿಂದ ಒರಸ್ಯಾರ," ಎಂದರು ಅಜ್ಜ, ರೊಟ್ಟಿ ಚೆನ್ನಾಗಿ ಬೆಂದಿದೆ ಎನ್ನುವ ಹಾಗೆ.

"ಇಲ್ರಿ ಅಜ್ಜಾರ. ಒಳಗ ಯಾರೂ ಇಲ್ಲ. ಇದು ಬರೇ ಆಟರಿ."

"ಯಾರೂ ಇಲ್ಲಂದ್ರ ನೀ ಯಾರನ್ನ ಎಳ್ಯಾಕತ್ತೀದಿ?"

ಅಡಿವೆಪ್ಪ ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಅದಾನ ಅಂತಿದ್ರ, ಸ್ಟೇರಿಂಗ್ ಯಾಕ ನಿನ್ನ ಕೈಯಾಗೈತಿ?"

ಉತ್ತರ ಸಿಗದವರು ಏನು ಮಾಡುತ್ತಾರೋ ಅವನೂ ಅದನ್ನೇ ಮಾಡಿದ, ಕೈಯಲ್ಲಿದ್ದ ಕೆಲಸಕ್ಕೆ ತಿರುಗಿದ. ಗಾಡಿಯನ್ನು ಮುಂದೆ ಬಿಟ್ಟ. ಎಂಜಿನ್ ಬೊಬ್ಬೆ ಹಾಕಿತು, ಕೆಸರು ಸಿಡಿಯಿತು, ಕೊಳವೆಗಳು ಒಂದಕ್ಕೊಂದು ಬಡಿದವು. ಮುಂದಿನ ಗಾಲಿ ದಂಡೆ ಹತ್ತಿತು. ಇನ್ನೇನು ಹಿಂದಿನದೂ ಹತ್ತಬೇಕು, ಅಷ್ಟರಲ್ಲಿ ಜಾರಿತು.

ಧಬ್!

ಅವನ ಅಂಗೈ ಮೇಜಿಗೆ ಬಿದ್ದ ಕೂಡಲೇ ಗಾಡಿ ನಿಂತಿತು. ಸಿಕ್ಕಿಕೊಂಡ ಗಾಡಿ ನಿಲ್ಲುವ ಹಾಗಲ್ಲ. ಹೇಳಿದ ಮಾತು ಕೇಳಿ ಬ್ರೇಕ್ ಹಾಕಿದ ಹಾಗೆ.

ಅಜ್ಜ ಅವನ ಕೈಯನ್ನೇ ನೋಡುತ್ತಿದ್ದರು.

"ಅಣ್ಣನ ಲಾರ್‍ಯಾಗ ನಿನ್ನ ಕೆಲಸ ಏನಿತ್ತು?"

"ಕ್ಲೀನರ್‌ರಿ. ಹಿಂದ ಇಳದು, ದಾರಿ ನೋಡಿ, ಬಾಡಿ ಬಡಿಯೂದು."

"ಹೆಂಗ ಬಡೀತಿದ್ದಿ?"

"ಎರಡ ಸಲ ಬಡದ್ರ ಹೋಗು ಅಂತ್ರಿ. ಒಂದ ಸಲ ಬಡದ್ರ..."

ಅವನ ಮಾತು ಅಲ್ಲೇ ಕಡಿದುಹೋಯಿತು. ಅಂಗೈ ಇನ್ನೂ ಮೇಜಿನ ಮೇಲಿತ್ತು. ಬಿಸಿ ಬಾಣಲೆ ಮುಟ್ಟಿದವನಂತೆ ಅದನ್ನು ಹಿಂದಕ್ಕೆ ಎಳೆದುಕೊಂಡ.

"ಅಜ್ಜಾರ, ದಿನಾ ನಾನಽ ನಿಲ್ಲಿಸೀನಿ."

ಅಜ್ಜ ಅವನ ಕಡೆಗೆ ಸರಿದು ಕೂತರು.

"ಆಂವ ಹೋದ ದಿನ ಹಿಂದ ಬಡ್ಯಾಕ ನಾ ಇರಲಿಲ್ರಿ," ಎಂದು ಅಡಿವೆಪ್ಪ ಚಿಕ್ಕ ಹುಡುಗನ ಹಾಗೆ ಅತ್ತ. ಅಣ್ಣ ಸತ್ತಂದಿನಿಂದ ಅವನು ಅತ್ತದ್ದು ಅದೇ ಮೊದಲು.

ಆಗ ಕರೆಂಟು ಹೋಯಿತು.

ಪರದೆ ಕಪ್ಪಾಯಿತು. ಕಿಟಕಿಯಿಲ್ಲದ ಕೋಣೆ ಕಪ್ಪಾಯಿತು. ಎಂಜಿನ್ನಿನ ಸದ್ದು ಮಾತ್ರ ನಿಲ್ಲಲಿಲ್ಲ. ಏರದೆ ಇಳಿಯದೆ, ನಿಂತಲ್ಲೇ ಗುರುಗುಡುತ್ತಿತ್ತು, ಡ್ರೈವರ್ ಕ್ಲೀನರನಿಗಾಗಿ ಕಾಯುವಾಗ ಗಾಡಿ ಹೇಗೆ ಗುರುಗುಡುತ್ತದೋ ಹಾಗೆ. ಅಂಬಲಿಯ ಬಟ್ಟಲು ಮೇಜಿನ ಮೇಲೆ ಸಣ್ಣಗೆ ನಡುಗುತ್ತಿತ್ತು.

"ಅಜ್ಜಾರ, ನಿಮಗೂ ಕೇಳಸ್ತೈತೇನ್ರಿ?"

"ನನಗ ಕೇಳಿ ಏನ್ ಮಾಡೂದೈತಿ? ಕಾಯಾಕತ್ತಿದ್ದು ನನಗಲ್ಲ."

ಅಡಿವೆಪ್ಪ ಎದ್ದ. ಕತ್ತಲಲ್ಲಿ ತಡವರಿಸುತ್ತ ಮೇಜಿನ ಹಿಂಬದಿಗೆ ಬಂದ. ಹಲಗೆಯ ಮೇಲೆ ಕೈಯಿಟ್ಟರೆ ಅದು ಬೆಚ್ಚಗಿತ್ತು, ತೊಯ್ದಿತ್ತು, ನಡುಗುತ್ತಿತ್ತು. ಲಾರಿಯ ಹಿಂಬಾಗಿಲಿನ ಹಲಗೆ ಹಾಗಿರುತ್ತದೆ, ಅವನಿಗೆ ಗೊತ್ತು.

ಕೈ ಎತ್ತಿದ. ಕೈ ಇಳಿಯಲಿಲ್ಲ.

"ಬಡದ್ರ ಹೋಗಿಬಿಡ್ತಾನ್ರಿ."

ಎತ್ತಿದ ಕೈಯನ್ನು ಎದೆಗೆ ಒತ್ತಿಕೊಂಡ.

"ಮತ್ತ ಬರಂಗಿಲ್ರಿ ಆಂವ."

ಎಂಜಿನ್ ಗುರುಗುಡುತ್ತಲೇ ಇತ್ತು. ಅದಕ್ಕೆ ಅವಸರವಿರಲಿಲ್ಲ.

ಅಡಿವೆಪ್ಪ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಬಡಿಯುವ ಮುಂಚೆ ಕ್ಲೀನರ್ ಆದವನು ಎರಡೂ ಕಡೆ ನೋಡಲೇಬೇಕು. ಕತ್ತಲು ಬಿಟ್ಟು ಬೇರೇನೂ ಕಾಣಲಿಲ್ಲ, ಆದರೂ ನೋಡಿದ. ಆಮೇಲೆ ಅಂಗೈ ಬಿಚ್ಚಿ ಹಲಗೆಗೆ ಬಡಿದ.

ಧಬ್. ಧಬ್.

"ರೈಟ್ ಅಣ್ಣಾ. ಹೋಗಲಿ."

ಗೇರ್ ಬಿದ್ದ ಸದ್ದು ಕೇಳಿತು. ಎಂಜಿನ್ ಒಮ್ಮೆ ದಮ್ಮು ಕಟ್ಟಿ ಎಳೆಯಿತು. ಕೆಸರು ಬಾಯಿ ಬಿಟ್ಟ ಹಾಗೆ ಪಚಕ್ಕೆಂದಿತು. ಅಡಿವೆಪ್ಪನ ಮುಖಕ್ಕೆ ಡೀಸೆಲ್ ವಾಸನೆಯ ಬಿಸಿಗಾಳಿ ತಾಗಿತು. ಕೊಳವೆಗಳ ಸದ್ದು ಗೋಡೆ ದಾಟಿತು, ಅಂಗಳ ದಾಟಿತು, ಹೊಳೆಯ ಕಡೆ ಇಳಿದು ಸಣ್ಣದಾಗುತ್ತ ಹೋಯಿತು. ಹೊಳೆಯ ಕಪ್ಪೆಗಳೆಲ್ಲ ಒಮ್ಮೆಲೇ ಸುಮ್ಮನಾದವು. ಸ್ವಲ್ಪ ಹೊತ್ತಿಗೆ ಆಚೆ ದಂಡೆಯಲ್ಲಿ ಒಂದು ಕೂಗಿತು. ಆಮೇಲೆ ಎಲ್ಲವೂ ಕೂಗತೊಡಗಿದವು.

ಕರೆಂಟು ಬಂತು. ಯಾರೂ ಮುಟ್ಟದೆ ಪರದೆ ತಾನಾಗಿಯೇ ಬೆಳಗಿತು.

ಅದರ ಮೇಲೆ ಕೆಸರಿತ್ತು, ಗಾಡಿ ಇರಲಿಲ್ಲ. ಎರಡು ಗಾಲಿಯ ಗುರುತುಗಳು ದಂಡೆ ಹತ್ತಿ, ದಿಬ್ಬ ಏರಿ, ಆಚೆ ಇಳಿದಿದ್ದವು. ಅವುಗಳಲ್ಲಿ ಮಳೆನೀರು ನಿಧಾನವಾಗಿ ತುಂಬುತ್ತಿತ್ತು.

ಅಡಿವೆಪ್ಪ ಬಂದು ಅಜ್ಜನ ಪಕ್ಕ ಕುಸಿದು ಕೂತ. ಆ ಗುರುತುಗಳನ್ನು ನೋಡುತ್ತ ನೋಡುತ್ತ ಅವನಿಗೇ ತಿಳಿಯದೆ ಬಲಗೈ ಮೇಜಿನ ಮೇಲೆ ಬಂದಿತ್ತು.

"ಅಜ್ಜಾರ, ಅಣ್ಣನ ಮಾರಿ ಸೈತ ನೋಡಲಿಲ್ಲ. ಇನ್ನೂ ಭಾಳ ದೂರ ಹೋಗಿರಾಕಿಲ್ಲ. ಈಗ ಬಡದ್ರ ನಿಲ್ಲಿಸ್ತಾನೇನ್ರಿ?"

ಅಜ್ಜ ಆ ಕೈಯನ್ನು ಮೆಲ್ಲಗೆ ಎತ್ತಿ ಅವನ ಮಡಿಲಲ್ಲಿ ಇಟ್ಟರು. ಅಂಬಲಿಯ ಬಟ್ಟಲನ್ನು ಅವನ ಮುಂದೆ ಸರಿಸಿದರು.

"ನಿಲ್ಲಿಸ್ತಾನಪಾ. ನೀ ಬಡದ್ರ ಎಲ್ಲಿದ್ರೂ ನಿಲ್ಲಿಸ್ತಾನ. ಅದಕ್ಕಽ ಕೈಯಾಗ ಬಟ್ಟಲ ಹಿಡಕೊಂಡು ಕುಂದರು."