ತೂತಿಲ್ಲದ ಗೂಡು

ನಾಲ್ಕು ಸಲ ಪೊರೆ ಬಿಟ್ಟು ಹಣ್ಣಾದ ರೇಷ್ಮೆಹುಳುವೊಂದು ಗೂಡು ಕಟ್ಟಲೆಂದು ಚಂದ್ರಿಕೆಯ ಮೇಲೇರಿತು. ಹುಳುಗಳಿಗೆ ಆ ಸಾಕಣೆ ಮನೆಯೇ ವಿಶ್ವವಿದ್ಯಾಲಯ, ಗೂಡೇ ಮಹಾಪ್ರಬಂಧ. ಕೊನೆಯ ಹಂತಕ್ಕೆ ಬಂದವರ ನೆರವಿಗೆಂದೇ ಇದ್ದದ್ದು ಚಂದ್ರಿಕೆ ಎಂಬ ಆ ಬಿದಿರಿನ ತಟ್ಟೆ.

“ಬಾ ಮಗು,” ಎಂದಿತು ಚಂದ್ರಿಕೆ. “ಎಳೆ ತುಂಡಾಗದಂತೆ ನೂಲುವ ಕಾರ್ಯಾಗಾರವಿದೆ, ಒಂಟಿತನ ತಾಳಿಕೊಳ್ಳಲು ಸಮಾಲೋಚನೆಯಿದೆ, ಆತುಕೊಳ್ಳಲು ನಾನಿದ್ದೇನೆ. ಇನ್ನೇನು ಬೇಕು?”

“ದೊಡ್ಡ ಉಪಕಾರ ತಾಯಿ. ಆದರೆ ಮುಂದೆ ನಾನು ಹಾರಬೇಕಲ್ಲ, ಅದರ ತರಬೇತಿ ಯಾವಾಗ?”

“ಮೊದಲು ಗೂಡು ಮುಗಿಸು. ಅರ್ಧಂಬರ್ಧ ಕೆಲಸದವರಿಗೆ ರೆಕ್ಕೆಯ ಮಾತೇಕೆ?”

ಹುಳು ತಲೆ ತಗ್ಗಿಸಿತು. ಆಗ ಮೂಲೆಯಲ್ಲಿ ಅಂಟಿಕೊಂಡಿದ್ದ ಹಳೆಯ ಗೂಡೊಂದು ಕಣ್ಣಿಗೆ ಬಿತ್ತು. ಅದರ ತುದಿಯಲ್ಲಿ ತೂತಿತ್ತು. ಒಳಗೆ ಯಾರೂ ಇರಲಿಲ್ಲ.

“ಇದು ಯಾರದು ತಾಯಿ?”

“ಅವನ ಹೆಸರೆತ್ತಬೇಡ. ನಮ್ಮ ನೆರವೆಲ್ಲ ಪಡೆದು, ಕೊನೆಗೆ ಗೂಡನ್ನೇ ಕೊರೆದು ಹೊರಬಿದ್ದ. ಅಷ್ಟು ಚೆಂದದ ಎಳೆ ಚೂರುಚೂರಾಯಿತು. ಹೊಸಬರಿಗೆ ಎಚ್ಚರಿಕೆಯಿರಲೆಂದು ಇಟ್ಟುಕೊಂಡಿದ್ದೇನೆ.”

“ಆಮೇಲೆ ಏನಾದ?”

“ಏನಾಗುತ್ತಾನೆ? ಹಾರಿಹೋದ,” ಎಂದು ಚಂದ್ರಿಕೆ ಮುಖ ಸಿಂಡರಿಸಿತು.

ತನ್ನ ಕುಲದಲ್ಲೂ ಇಂಥವನೊಬ್ಬ ಹುಟ್ಟಿದನಲ್ಲ ಎಂದು ಹುಳುವಿಗೆ ನಾಚಿಕೆಯಾಯಿತು. ಮೂರು ದಿನ ಅದು ಬಿಡುವಿಲ್ಲದೆ ನೂತಿತು. ಸೂಜಿಮೊನೆಯೂ ತೂರದಷ್ಟು ಬಿಗಿಯಾಗಿ ತನ್ನ ಸುತ್ತ ತಾನೇ ಗೋಡೆ ಎಬ್ಬಿಸಿಕೊಂಡಿತು.

ಆ ಸಲದ ಗೂಡುಗಳಲ್ಲೆಲ್ಲ ಅದಕ್ಕೇ ಮೊದಲ ದರ್ಜೆ ಬಂತು. ಕುದಿಯುವ ನೀರಿಗೆ ಮೊದಲು ಬಿದ್ದದ್ದೂ ಅದೇ.