ಮದ್ದಿನ ಕೋಣೆಯ ದೀಪ

ಕಾಲು ಚಾಚಿ ಮಲಗು ಕೂಸೇ. ನಡುನಡುವೆ ಎದ್ದು ಕೂತರೆ ಕತೆ ಅಲ್ಲಿಗೇ ನಿಲ್ಲುತ್ತೆ, ನೋಡು.

ಒಂದಾನೊಂದು ಕಾಲದಲ್ಲಿ, ನಾನು ಹುಟ್ಟಿದ ಸೀಮೆಯಲ್ಲಿ, ಹೊಳೆ ದಾಟೋಕೆ ಹರಿಗೋಲು ಬಿಟ್ಟರೆ ಬೇರೆ ದಾರಿಯಿಲ್ಲದ ಕಾಲದಲ್ಲಿ, ಆಚೆ ದಡದಲ್ಲಿ ಒಂದು ವೈದ್ಯಶಾಲೆ ಇತ್ತಂತೆ. ಹರಿಗೋಲು ಅಂದರೆ ಬುಟ್ಟಿಯ ಹಾಗೆ ಗುಂಡಗಿರೋ ದೋಣಿ. ಈ ಸಮುದ್ರದ ಊರಲ್ಲಿ ಹುಟ್ಟಿದ ನೀನು ಅದನ್ನೆಲ್ಲಿ ನೋಡಿದ್ದೀಯ! ಆ ಶಾಲೆಯ ಗುರು ಮಲ್ಲಾರಯ್ಯನೋರು. ಕೈ ಹಿಡಿದು ಕಲಿಸಬೇಕಾದ ವಿದ್ಯೆ ಅಂತ ವರ್ಷಕ್ಕೆ ಒಬ್ಬರನ್ನೇ ಸೇರಿಸಿಕೊಳ್ತಿದ್ದರಂತೆ.

ಆ ಒಬ್ಬರನ್ನ ಆರಿಸೋದು ಹೇಗೆ ಗೊತ್ತಾ? ಶಾಲೆಯಲ್ಲಿ ಒಂದು ಮದ್ದಿನ ಕೋಣೆ. ಬಿಸಿಲು ತಾಗಿದರೆ ಮದ್ದು ಕೆಡುತ್ತೆ ಅಂತ ಅದಕ್ಕೆ ಕಿಟಕಿಯೇ ಇಲ್ಲ, ಹಾಡುಹಗಲಲ್ಲೂ ಕಗ್ಗತ್ತಲು. ಒಳಗೆ ನೂರು ಬುಟ್ಟಿ, ಒಂದೊಂದರಲ್ಲಿ ಒಂದೊಂದು ಬೇರು. ಬಂದವರು ಒಬ್ಬೊಬ್ಬರಾಗಿ ಒಳಗೆ ಹೋಗಿ ಬೇರಿನ ಹೆಸರು, ಅದು ಯಾವ ಕಾಯಿಲೆಗೆ ಅನ್ನೋದನ್ನ ಕೂಗಿ ಹೇಳಬೇಕು. ಗುರುಗಳು ಹೊಸ್ತಿಲ ಹೊರಗೆ ಕೂತು ಕೇಳಿಸಿಕೊಳ್ತಾರೆ. ಯಾರು ಹೆಚ್ಚು ಸರಿ ಹೇಳ್ತಾರೋ ಅವರಿಗೆ ಜಾಗ. ಒಂದು ಕಟ್ಟಳೆ ಇತ್ತು. ದೀಪ ಅವರವರ ಮನೆಯಿಂದಲೇ ತರಬೇಕು, ಹಚ್ಚಿದ ಮೇಲೆ ಮತ್ತೆ ಎಣ್ಣೆ ಹೊಯ್ಯೋ ಹಾಗಿಲ್ಲ, ದೀಪ ಆರಿದ ಕೂಡಲೇ ಹೊರಗೆ ಬರಬೇಕು. ಶಾಲೆ ಶುರುವಾದಾಗ ಅಲ್ಲಿ ಎಣ್ಣೆಗೆ ಗತಿಯಿರಲಿಲ್ಲ, ಅದಕ್ಕೆ ಹಾಗೆ ಮಾಡಿದ್ದರು. ಆಮೇಲೆ ಎಣ್ಣೆ ಬಂತು, ಕಟ್ಟಳೆ ಹಾಗೇ ಉಳೀತು.

ಈಚೆ ದಡದಲ್ಲಿ ನಲವತ್ತು ಮನೆಯ ಒಂದು ಊರು. ಅಲ್ಲಿ ಹರಿಗೋಲು ಹಾಕೋ ದುರುಗಪ್ಪನ ಮಗಳು ನೀಲವ್ವ. ಅವಳ ತಮ್ಮನಿಗೆ ಜ್ವರ ಬಂದಾಗ ಹೊಳೆ ತುಂಬಿ ಹರೀತಿತ್ತು, ವೈದ್ಯರನ್ನ ಕರೆತರೋಕೆ ಆಗಲಿಲ್ಲ, ಮೂರನೇ ದಿನ ಮಗು ಹೋಗೇಬಿಡ್ತು. ಅವತ್ತೇ ನೀಲವ್ವ, ಅಪ್ಪಾ, ಈ ದಡಕ್ಕೊಬ್ಬ ವೈದ್ಯರು ಬೇಕು, ನಾನೇ ಕಲೀತೀನಿ ಅಂದಳಂತೆ.

ಊರ ಮುದುಕಿಯರನ್ನ ಕೇಳಿ ಕೇಳಿ ಬೇರುಗಳನ್ನ ಕಲಿತು, ಮೊದಲನೇ ವರ್ಷ ಅಂಗೈಯಗಲದ ಮಣ್ಣಿನ ದೀಪ ಹಿಡಿದು ಹೋದಳಂತೆ. ಆಚೆ ದಡದ ಊರ ದೇಸಾಯರಿಗೆ ಮೂರು ಜನ ಗಂಡುಮಕ್ಕಳು, ಅವತ್ತು ದೊಡ್ಡವನು ಬಂದಿದ್ದ. ಅವನ ಹಿತ್ತಾಳೆ ದೀಪವನ್ನ ಇಬ್ಬರು ಆಳು ಹೊತ್ತು ತಂದಿದ್ದರು, ತುಂಬ ತುಪ್ಪ. ನೀಲವ್ವನ ದೀಪ ಮೂವತ್ತೊಂದನೇ ಬುಟ್ಟಿಗೆ ಆರಿತು. ಹೇಳಿದ್ದು ಮೂವತ್ತೊಂದೂ ಸರಿ. ದೊಡ್ಡವನು ನಿಧಾನವಾಗಿ ನೂರು ಬುಟ್ಟಿಯನ್ನೂ ನೋಡಿದ, ಐವತ್ತು ಸರಿ, ಐವತ್ತು ತಪ್ಪು. ಬಜೆ ಬೇರನ್ನ ಶುಂಠಿ ಅಂದನಂತೆ!

ನಗಬೇಡ ಕಣೇ. ಜಾಗ ಸಿಕ್ಕಿದ್ದು ಅವನಿಗೇ.

ನೀಲವ್ವ ಕೇಳಿದಳು, ಗುರುಗಳೇ, ಉಳಿದ ಬುಟ್ಟಿ ನಾನು ನೋಡಲೇ ಇಲ್ಲವಲ್ಲ. ಅವರು ಹೇಳಿದರು, ಏನು ಮಾಡಲಿ ತಾಯಿ, ಕಟ್ಟಳೆ ಎಲ್ಲರಿಗೂ ಒಂದೇ. ಕೆಟ್ಟ ಮನುಷ್ಯರಲ್ಲ ಅವರು. ಅದು ನಿಜವಾಗಲೂ ಒಂದೇ ಅಂತ ನಂಬಿದ್ದರು.

ಎರಡನೇ ವರ್ಷ ಊರಿನ ನಲವತ್ತು ಮನೆಯವರೂ ಒಂದೊಂದು ಸೌಟು ಕುಸುಬೆ ಎಣ್ಣೆ ಕೊಟ್ಟರಂತೆ. ಗಡಿಗೆ ತುಂಬಿತು. ಪಾಪ, ಅವರೂ ಒಂದು ತಪ್ಪು ಮಾಡಿದರು, ಎಣ್ಣೆ ಕೊಟ್ಟರು, ದೊಡ್ಡ ದೀಪದ ಯೋಚನೆ ಯಾರಿಗೂ ಬರಲಿಲ್ಲ. ಬಾಗಿಲು ಕಾಯೋ ಸಂಗಯ್ಯ, ಗಡಿಗೆ ಹೊರಗಿಡವ್ವ, ದೀಪಕ್ಕೆ ಹಿಡಿದಷ್ಟೇ ನಿನ್ನದು ಅಂದ. ನೀಲವ್ವ ಓಡೋಡಿ ಹೇಳಿದಳು, ನಲವತ್ತು ಬುಟ್ಟಿ ಆಯಿತು, ದೀಪ ಆರಿತು. ಆ ಸಲ ಜಾಗ ದೇಸಾಯರ ಎರಡನೇ ಮಗನಿಗೆ. ದೀಪ ಅದೇ, ಹಿತ್ತಾಳೇದು.

ಆಮೇಲೆ ಆ ವರ್ಷ ಕುಸುಬೆಗೆ ಹುಳ ಬಿತ್ತಂತೆ. ಯಾರ ಮನೇಲೂ ಎಣ್ಣೆ ಇಲ್ಲ, ಮುಸ್ಸಂಜೆಗೇ ಕತ್ತಲು. ನೀಲವ್ವ ಆ ಕತ್ತಲಲ್ಲೇ ಬೇರು ಹರಡಿಕೊಂಡು ಕೂರ್ತಿದ್ದಳು. ಲಾವಂಚ ಮೂಗಿಗೆ ಗೊತ್ತಾಗುತ್ತೆ, ಭದ್ರಮುಷ್ಟಿ ಬೆರಳಿಗೆ ಗೊತ್ತಾಗುತ್ತೆ, ನೆಲಬೇವು ನಾಲಿಗೆಗೆ ಗೊತ್ತಾಗುತ್ತೆ, ಹೀಗೆ ವರ್ಷವೆಲ್ಲ ಕಲಿತಳಂತೆ.

ಮೂರನೇ ವರ್ಷ ಬಂದವರು ಮೂರು ಜನ. ನೀಲವ್ವ, ದೇಸಾಯರ ಕಿರೀಮಗ, ಇನ್ನೊಬ್ಬಳು ಕುರಿ ಕಾಯೋರ ಮನೆ ಸಿದ್ದವ್ವ, ಹೊಳೆಯ ಈಚೆ ದಡದವಳೇ. ಸಿದ್ದವ್ವ ಹೊಸಬಳು, ಹೊಸ್ತಿಲು ಎಡವಿ ಅರ್ಧ ಎಣ್ಣೆ ಚೆಲ್ಲಿ ಇಪ್ಪತ್ತಕ್ಕೇ ಹೊರಗೆ ಬಂದು ಗೋಡೆಗೆ ಮುಖ ಮಾಡಿ ನಿಂತಳು. ಕಿರೀಮಗ ನೂರೂ ಮುಗಿಸಿ ಬಂದ, ಅರವತ್ತು ಸರಿ. ಆಮೇಲೆ ನೀಲವ್ವ ಹೋದಳು. ಅವಳ ದೀಪದಲ್ಲಿ ಇದ್ದದ್ದೇ ಎರಡು ಚಮಚ ಎಣ್ಣೆ. ಹದಿನೈದನೇ ಬುಟ್ಟಿಗೆ ದೀಪ ಆರಿತು.

ಅವಳು ಹೊರಗೆ ಬರಲಿಲ್ಲ.

ಹದಿನಾರು, ಸೊಗದೆ ಬೇರು, ಮೈ ಉರಿಗೆ, ಅಂತ ಒಳಗಿಂದ ದನಿ ಬಂತು. ಸಂಗಯ್ಯ ಕೂಗಿದ, ಏ ಹುಡುಗಿ, ದೀಪ ಆರಿದೆ, ಬಾ ಆಚೆ! ಹದಿನೇಳು, ಬಜೆ, ಮಕ್ಕಳ ಹೊಟ್ಟೆನೋವಿಗೆ, ಶುಂಠಿ ಅಲ್ಲ ಇದು, ಅಂದಳು ಒಳಗಿಂದ. ದೇಸಾಯರ ಆಳುಗಳೂ ನಕ್ಕುಬಿಟ್ಟರಂತೆ. ಸಂಗಯ್ಯ ಒಳಗೆ ನುಗ್ಗೋಕೆ ಹೋದ. ಗುರುಗಳು ಅವನ ಕೈ ಹಿಡಿದು, ಸುಮ್ಮನಿರೋ, ಕೇಳೋಕೆ ಬಿಡು ಅಂದರು. ಐವತ್ತಾಯಿತು, ಎಂಬತ್ತಾಯಿತು. ನೂರನೇ ಹೆಸರು ಹೇಳಿ ಗೋಡೆ ತಡವಿಕೊಂಡು ಅವಳು ಹೊರಗೆ ಬಂದಾಗ ತಪ್ಪಾಗಿದ್ದದ್ದು ಆರೇ ಆರು.

ಮಲ್ಲಾರಯ್ಯನೋರು ಎದ್ದು ನಿಂತು, ತಾಯೀ, ಎರಡು ವರ್ಷ ನಾನು ಎಣ್ಣೆಯನ್ನ ಪರೀಕ್ಷೆ ಮಾಡಿದೆನಲ್ಲ, ಈ ವರ್ಷದ ಜಾಗ ನಿನ್ನದು, ಬಾ ಅಂದರು.

ನೀಲವ್ವ ಹೊಸ್ತಿಲ ಮೇಲೆ ಕಾಲಿಡಬೇಕು, ಅಷ್ಟರಲ್ಲಿ ಗೋಡೆ ಕಡೆ ತಿರುಗಿ ನಿಂತಿದ್ದ ಸಿದ್ದವ್ವ ಕಣ್ಣಿಗೆ ಬಿದ್ದಳು. ನಿಂತುಬಿಟ್ಟಳಂತೆ. ಗುರುಗಳೇ, ಕತ್ತಲಲ್ಲಿ ಬೇರು ಗುರುತಿಸೋಕೆ ನನಗೆ ಒಂದು ವರ್ಷ ಹಿಡೀತು. ಇವಳೂ ಹಾಗೇ ಕಲಿತು ಬರಬೇಕಾ? ಬುಟ್ಟಿಗಳನ್ನ ಹುಣಸೆಮರದ ನೆರಳಿಗೆ ತಂದು ನಮ್ಮ ಮೂವರನ್ನೂ ಬೆಳಕಲ್ಲಿ ಕೇಳಿ ಅಂದಳು. ಸಂಗಯ್ಯ ತಲೆ ಚಚ್ಚಿಕೊಂಡ, ಅಯ್ಯೋ ಹುಚ್ಚಿ, ಕೈಗೆ ಬಂದದ್ದನ್ನ ಯಾರಾದರೂ ಬಿಡ್ತಾರೇನೇ!

ಮಾರನೇ ಬೆಳಿಗ್ಗೆ ಬುಟ್ಟಿಗಳನ್ನ ಅದಲುಬದಲು ಮಾಡಿ ಜೋಡಿಸಿ, ನೆರಳಲ್ಲಿ ಕೇಳಿದರಂತೆ. ಕಿರೀಮಗನಿಗೆ ಅರವತ್ತೆರಡು. ನೀಲವ್ವನಿಗೆ ತೊಂಬತ್ತೈದು. ಸಿದ್ದವ್ವ ಹುಟ್ಟಿದಾಗಿನಿಂದ ಕುರಿಗಳ ಹಿಂದೆ ಗುಡ್ಡ ಸುತ್ತಿದವಳು, ಒಂದೊಂದು ಬೇರನ್ನೂ ನೆಂಟರ ಹಾಗೆ ಮಾತಾಡಿಸಿದಳು.

ತೊಂಬತ್ತೆಂಟು.

ಗುರುಗಳು ನೀಲವ್ವನ ಕಡೆ ತಿರುಗಿದರು. ನಿನ್ನೆ ನಿನ್ನನ್ನ ಬಾ ಅಂದಿದ್ದೆನಲ್ಲ ತಾಯಿ, ಈಗೇನು ಹೇಳಲಿ ಅಂದರು. ನೀಲವ್ವ ಹೇಳಿದಳು, ನಿನ್ನೆ ನೀವು ನನ್ನೊಬ್ಬಳನ್ನ ನೋಡಿದ್ದಿರಿ. ಇವತ್ತು ಎಲ್ಲರನ್ನೂ ನೋಡಿದ್ದೀರಿ. ಇವತ್ತಿನ ಮಾತೇ ಮಾತು. ಹಾಗಂದು ಮರದ ಹಿಂದೆ ಹೋಗಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳಂತೆ. ಅಳದೆ ಇರೋಕೆ ಅವಳೇನು ಕಲ್ಲಾ?

ಅನ್ಯಾಯ ಅಂತೀಯಾ? ನಾನೂ ನನ್ನ ಅಜ್ಜಿಯ ಹತ್ತಿರ ಹಾಗೇ ಜಗಳ ಮಾಡಿದ್ದೆ. ಇಡೀ ಕತೆ ಕೇಳು ಅಂದಿದ್ದಳು.

ದುರುಗಪ್ಪ ಮಗಳನ್ನ ಹರಿಗೋಲಲ್ಲಿ ಕೂರಿಸಿಕೊಂಡು ಮನೆ ಕಡೆ ಹೊರಟ. ನಡುಹೊಳೆಗೆ ಬಂದಾಗ ಕೇಳಿದ, ಆ ಹುಡುಗಿ ಕಲಿತು ಯಾವ ದಡಕ್ಕೆ ಬರ್ತಾಳೆ? ನಮ್ಮ ದಡಕ್ಕೇ ಅಪ್ಪಾ ಅಂದಳು ನೀಲವ್ವ. ಹಂಗಾದರೆ ಇನ್ನೊಬ್ಬಳು ಬರೋದು ಒಂದು ವರ್ಷ ತಡ, ಅಷ್ಟೇ ತಾನೇ, ಅಂದು ಹುಟ್ಟು ಹಾಕಿದ.

ಮುಂದಿನ ವರ್ಷ ಹುಣಸೆಮರದ ಕೆಳಗೆ ಹನ್ನೊಂದು ಮಕ್ಕಳು ಬಂದಿದ್ದರಂತೆ. ದೀಪ ಕೇಳ್ತಾರೆ ಅಂತ ಹೆದರಿ ಅಲ್ಲಿವರೆಗೂ ಬರದೇ ಇದ್ದವರೇ ಹೆಚ್ಚು. ಅಷ್ಟು ಜನರ ನಡುವೆ ನೀಲವ್ವ ಮೊದಲನೆಯವಳಾದಳು. ಅವತ್ತು ಮಧ್ಯಾಹ್ನ ಶಾಲೆಯ ಪಂಕ್ತಿಯಲ್ಲಿ ಅವಳು ಹೊಸ ಎಲೆ ಮುಂದೆ ಕೂತಾಗ ಅನ್ನ ಬಡಿಸೋಕೆ ಬಂದದ್ದು ಸಿದ್ದವ್ವ. ಇಬ್ಬರೂ ಮುಖ ಮುಖ ನೋಡಿಕೊಂಡರು. ಸಿದ್ದವ್ವ ಇನ್ನೊಂದು ಸೌಟು ಹೆಚ್ಚಿಗೆ ಬಡಿಸಿದಳು. ಆಮೇಲೆ ಇಬ್ಬರೂ ಕಲಿತು ಈಚೆ ದಡಕ್ಕೇ ಬಂದರಂತೆ, ಹೊಳೆ ಎಷ್ಟೇ ತುಂಬಿದರೂ ಜ್ವರ ಬಂದ ಮಗುವಿನ ಹಾಸಿಗೆ ಹತ್ತಿರ ಯಾರಾದರೂ ಒಬ್ಬರು ಕೂತಿರ್ತಿದ್ದರಂತೆ.

ಅವರು ಅಲ್ಲಿ ಸುಖವಾಗಿದ್ದರು, ನಾವು ಇಲ್ಲಿದ್ದೀವಿ. ಕತೆ ಮುಗೀತು, ಇನ್ನು ನಿದ್ದೆ ನಿನ್ನ ಪಾಲಿಂದು.