ಸಿಂಪಿಯೊಳಗಿನ ಕಾವಲು

ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ ಹೊನ್ನಮ್ಮ ಹರಿಕಂತ್ರ ಸಿಂಪಿ ಎಂಬ ಚಿಪ್ಪುಜೀವಿಯನ್ನು ಸಾಕುತ್ತಿದ್ದಳು. ಒಂದು ವರ್ಷ ಅಳಿವೆಯ ನೀರಿಗೆ ರೋಗ ಬಂತು. ನೀರಿಗೆ ಇಳಿಬಿಟ್ಟ ಹಗ್ಗಗಳಿಗೆ ಅಂಟಿ ಬೆಳೆಯುತ್ತಿದ್ದ ಸಿಂಪಿಗಳು ಬಾಯಿ ತೆರೆದುಕೊಂಡು ಸಾಯತೊಡಗಿದವು. ಹೊನ್ನಮ್ಮ ಸಾಯದೆ ಉಳಿದ ಮರಿಗಳನ್ನು ದೋಣಿಯಲ್ಲಿ ತಂದು ಅಂಗಳದ ಆರು ತೊಟ್ಟಿಗಳಲ್ಲಿ ಬಿಟ್ಟಳು. ಮುಂದಿನ ವರ್ಷದ ಬೆಳೆಗೆ ಇದ್ದದ್ದು ಅವಷ್ಟೇ.

ಅವಳ ಅಣ್ಣನ ಮಗಳು ನಾಗವೇಣಿ ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಓದುತ್ತಿದ್ದಳು. ಸುದ್ದಿ ಕೇಳಿದವಳೇ ಔಷಧಿಯ ಬಾಟಲಿ ಹಿಡಿದು ಓಡಿಬಂದಳು.

"ಅತ್ತೆ, ಇದು ಬ್ಯಾಕ್ಟೀರಿಯಾದ ಕೆಲಸ. ಸಿಂಪಿ ಒಳಗೆ ಒಂದನ್ನೂ ಉಳಿಸದೆ ಕೊಂದುಬಿಡುವಾ!"

"ಒಳಗೆ ಇರೂದೆಲ್ಲ ಕೆಟ್ಟದ್ದೇ ಏನೇ?"

"ಅದನ್ನೆಲ್ಲ ನೋಡ್ತಾ ಕೂರೂಕೆ ಈಗ ಹೊತ್ತಿಲ್ಲ ಅತ್ತೆ!"

ಹೊನ್ನಮ್ಮ ಸ್ವಲ್ಪ ಯೋಚಿಸಿದಳು. "ಐದಕ್ಕೆ ಹಾಕು. ಒಂದು ತೊಟ್ಟಿ ಇದ್ದ ಹಾಗೇ ಇರ್ಲಿ."

ನಾಗವೇಣಿಗೆ ಸಿಟ್ಟು ಬಂತು. ಆದರೂ ಮಾತು ಮೀರಲಿಲ್ಲ.

ಮೂರು ದಿನ ಎಲ್ಲವೂ ಚೆನ್ನಾಗಿತ್ತು. ಸಿಂಪಿಗೆ ಆಹಾರ ಬರುವುದು ಹೊಳೆಯ ನೀರಿನಿಂದಲೇ. ಹಾಗಾಗಿ ನಾಲ್ಕನೆಯ ದಿನ ಎಲ್ಲ ತೊಟ್ಟಿಗಳ ಹಳೆಯ ನೀರು ತೆಗೆದು ಹೊಸ ನೀರು ಬಿಟ್ಟರು. ನೀರಿನ ಜೊತೆ ರೋಗವೂ ಬಂತು. ಎರಡೇ ದಿನದಲ್ಲಿ ಔಷಧಿ ಹಾಕಿದ ಐದೂ ತೊಟ್ಟಿಗಳ ಮರಿಗಳು ಬಾಯಿ ಬಿಡತೊಡಗಿದವು. ಮುಟ್ಟಿದರೂ ಮುಚ್ಚಲಿಲ್ಲ. ಹಾಗೇ ಬಿಟ್ಟ ಆರನೆಯ ತೊಟ್ಟಿಯಲ್ಲಿ ಮಾತ್ರ, ಬೆರಳು ತಾಗಿದರೆ ಸಾಕು, ಮರಿಗಳು ಟಪ್ಪನೆ ಬಾಯಿ ಮುಚ್ಚುತ್ತಿದ್ದವು!

ನಾಗವೇಣಿಗೆ ನಂಬಲಾಗಲಿಲ್ಲ. ಆರನೆಯ ತೊಟ್ಟಿಯ ಒಂದು ಸಿಂಪಿಯನ್ನು ಕಾಲೇಜಿಗೆ ಒಯ್ದಳು. ಗಾಜಿನ ತಟ್ಟೆಯ ತುಂಬ ರೋಗದ ಬ್ಯಾಕ್ಟೀರಿಯಾ ಹರಡಿ, ನಡುವೆ ಆ ಸಿಂಪಿಯ ರಸದ ಒಂದು ಹನಿ ಇಟ್ಟಳು. ಮರುದಿನ ನೋಡಿದರೆ ತಟ್ಟೆಯೆಲ್ಲ ರೋಗ ಬೆಳೆದಿತ್ತು. ಹನಿಯ ಸುತ್ತ ಮಾತ್ರ ದುಂಡಗೆ ಸ್ವಚ್ಛವಾದ ಜಾಗ! ಒಂದೇ ಒಂದು ರೋಗಾಣುವೂ ಅತ್ತ ಸುಳಿದಿರಲಿಲ್ಲ. ಆ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ತುಂಬ ಬೇರೆಯೇ ಜಾತಿಯ ಬ್ಯಾಕ್ಟೀರಿಯಾ!

ನಾಗವೇಣಿ ಕುಣಿದಾಡುತ್ತಾ ಫೋನ್ ಮಾಡಿದಳು. "ಅತ್ತೇ! ಹೊಳೇಲಿ ಸಾಯದೆ ಉಳಿದ ನಮ್ಮ ಸಿಂಪಿ ಒಳಗೇ ಒಳ್ಳೆ ಬ್ಯಾಕ್ಟೀರಿಯಾ ವಾಸ ಮಾಡ್ತವೆ! ಬೇರೆಯವಕ್ಕೆ ಜಾಗಾನೂ ಕೊಡೂದಿಲ್ಲ, ಊಟಾನೂ ಬಿಡೂದಿಲ್ಲ. ಹತ್ರ ಬಂದ್ರೆ ವಿಷ ಬಿಟ್ಟು ಓಡಿಸ್ತವೆ!"

ಮರುಕ್ಷಣವೇ ಅವಳ ದನಿ ಸಣ್ಣದಾಯಿತು. "ಆ ಐದು ತೊಟ್ಟೀಲಿ ಅವನ್ನ ಕೊಂದಿದ್ದು ನಾನೇ ಅತ್ತೆ."

"ಅಳೂದು ಆಮೇಲೆ. ಉಳಿದ ಮರಿಗೆ ಈಗೇನು ಮಾಡೂದು, ಅದ್ನ ಹೇಳು."

ನಾಗವೇಣಿ ಆ ಒಳ್ಳೆಯ ಬ್ಯಾಕ್ಟೀರಿಯಾವನ್ನು ಬೆಳೆಸಿ ತಂದು ಆ ಐದು ತೊಟ್ಟಿಗಳಿಗೆ ಬಿಟ್ಟಳು. ಮೂರು ತೊಟ್ಟಿಗಳಿಗೆ ಅಷ್ಟರಲ್ಲೇ ಹೊತ್ತು ಮೀರಿತ್ತು. ಎರಡರಲ್ಲಿ ಸಾವು ನಿಂತಿತು. ಬದುಕಿದ ಮರಿಗಳು ಆ ವರ್ಷವೇ ಮತ್ತೆ ಅಳಿವೆಯ ಹಗ್ಗಗಳನ್ನು ಹಿಡಿದವು.

ನೀತಿ: ಶತ್ರುವನ್ನು ಓಡಿಸುವ ಆತುರದಲ್ಲಿ, ನಮ್ಮೊಳಗೇ ಇದ್ದು ಸದ್ದಿಲ್ಲದೆ ನಮ್ಮನ್ನು ಕಾಯುವವರನ್ನು ನಾಶ ಮಾಡಬಾರದು. ತಪ್ಪು ತಿಳಿದ ಕೂಡಲೇ ಒಪ್ಪಿ ತಿದ್ದಿಕೊಂಡರೆ ಸ್ವಲ್ಪವನ್ನಾದರೂ ಉಳಿಸಿಕೊಳ್ಳಬಹುದು.